ಸಂದು ಚುಕ್ಕಿ ಮತ್ತು ಲೂಪಿನೊಳಗಿನ ಲೂಪ್

ರಂಗೋಲಿ ಹಾಕುವವರಿಗೆ ಸಂದು ಚುಕ್ಕಿ ಎಂದರೆ ಬಿಡಿಸಿ ಹೇಳಬೇಕಿಲ್ಲ. ಮೇಲಿನ ಸಾಲಿನ ಎರಡು ಚುಕ್ಕಿಗಳ ನಡುವಿನ ಸಂದಿಗೆ ಸರಿಯಾಗಿ ಕೆಳಗಿನ ಸಾಲಿನ ಚುಕ್ಕಿ ಬೀಳಬೇಕು. ಬೀದರ, ಭಾಲ್ಕಿ, ಔರಾದದ ವಿದ್ಯಾರ್ಥಿ ಪ್ರೋಗ್ರಾಮಿಂಗ್ ಕಲಿಯಲು ಕೂತಾಗ ಮೊದಮೊದಲು ಎದುರಾಗುವ ನಕ್ಷತ್ರದ ತ್ರಿಕೋನವೂ ಅದೇ. ಅಂಗಳದಲ್ಲಿ ಕೈ ಮಾಡುವ ಕೆಲಸವನ್ನು ಇಲ್ಲಿ ಲೂಪ್‌ಗಳು ಮಾಡುತ್ತವೆ.

ಹೊರಗಿನ ಲೂಪ್ ಸಾಲುಗಳನ್ನು ಎಣಿಸುತ್ತದೆ, ಒಳಗಿನದು ಆ ಒಂದು ಸಾಲಿನ ಚುಕ್ಕಿಗಳನ್ನು. ಒಳಗಿನದು ತನ್ನ ಸುತ್ತುಗಳನ್ನೆಲ್ಲ ಮುಗಿಸಿದ ಮೇಲೆಯೇ ಹೊರಗಿನದು ಮುಂದಿನ ಸಾಲಿಗೆ ಹೋಗುತ್ತದೆ.

ಕೀಬೋರ್ಡ್ ಮುಟ್ಟುವ ಮೊದಲು ಆಕಾರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಖಾಲಿ ಜಾಗ ಕಣ್ಣಿಗೆ ಕಾಣುವುದಿಲ್ಲ, ತಪ್ಪುಗಳು ಹೆಚ್ಚಾಗಿ ಅಲ್ಲೇ ಆಗುತ್ತವೆ. ಹಾಗಾಗಿ ಕಲಿಯುವಾಗ ಅದರ ಬದಲು ಅಡ್ಡಗೆರೆ ಹಾಕಿ ನೋಡಿ:

---*
--* *
-* * *
* * * *

ಮೊದಲ ಸಾಲಿಗೆ 3 ಗೆರೆ, 1 ಚುಕ್ಕಿ. ಎರಡನೆಯದಕ್ಕೆ 2 ಗೆರೆ, 2 ಚುಕ್ಕಿ. ಯಾವ ಸಾಲು ಕೂಡಿಸಿದರೂ 4. ಅಂದರೆ ಸಾಲಿನ ಸಂಖ್ಯೆ ಎಷ್ಟೋ ಅಷ್ಟೇ ಚುಕ್ಕಿ, 4ರಲ್ಲಿ ಅದನ್ನು ಕಳೆದರೆ ಉಳಿಯುವಷ್ಟು ಗೆರೆ. ಆದ್ದರಿಂದ ಹೊರಗಿನ ಲೂಪಿನೊಳಗೆ ಎರಡು ಲೂಪ್ ಬೇಕು: ಮೊದಲು ಗೆರೆಗೆ, ಆಮೇಲೆ ಚುಕ್ಕಿಗೆ. ಪ್ರತಿ ಚುಕ್ಕಿಯ ಬೆನ್ನಿಗೇ ಒಂದು ಖಾಲಿ ಜಾಗ ಬಿಡಿ, ಅದೇ ಸಂದು. ಅದನ್ನು ಮರೆತರೆ ಆಕಾರದ ಬಲಬದಿ ನೇರ ಗೋಡೆಯಾಗಿ ನಿಲ್ಲುತ್ತದೆ. ಸರಿಬಂದ ಮೇಲೆ ಗೆರೆ ಅಳಿಸಿ, ಅಲ್ಲಿ ಖಾಲಿ ಜಾಗ ಇಡಿ.

ಪೈಥಾನ್‌ನಲ್ಲಿ ಎರಡು ಕಡೆ ಎಚ್ಚರ ಬೇಕು. ರೇಂಜ್‌ಗೆ 1 ಮತ್ತು 5 ಕೊಟ್ಟರೆ ಎಣಿಕೆ 4ಕ್ಕೇ ನಿಲ್ಲುತ್ತದೆ. ಪ್ರಿಂಟ್ ಪ್ರತಿ ಸಲವೂ ತಾನಾಗಿಯೇ ಹೊಸ ಸಾಲಿಗೆ ಇಳಿಯುತ್ತದೆ. ಒಳಗಿನ ಲೂಪ್‌ಗಳಲ್ಲಿ ಅದನ್ನು ತಡೆದು, ಎರಡೂ ಮುಗಿದ ಮೇಲೆ ಒಂದು ಬರಿಯ ಪ್ರಿಂಟ್ ಬರೆಯಬೇಕು. ಈ ಬರಿಯ ಪ್ರಿಂಟ್ ಅಪ್ಪಿತಪ್ಪಿ ಚುಕ್ಕಿಯ ಲೂಪಿನೊಳಗೆ ಸರಿದರೆ 10 ಚುಕ್ಕಿಗಳೂ 10 ಸಾಲಿನಲ್ಲಿ ಚದುರುತ್ತವೆ.

ಇನ್ನು ಚುಕ್ಕಿಯ ಬದಲು ಊರಿನ ಹೆಸರನ್ನೇ ಮೆಟ್ಟಿಲಾಗಿ ಇಳಿಸಿ ನೋಡಿ. ನನಗೆ ಎಲ್ಲಕ್ಕಿಂತ ಪ್ರಿಯವಾದ ಅಭ್ಯಾಸವಿದು. 'ಭಾಲ್ಕಿ' ಎಂದರೆ ನಮಗೆ ಎರಡೇ ಅಕ್ಷರ. ಪೈಥಾನ್ ಎಣಿಸಿದರೆ 6! ತೆರೆಯ ಮೇಲೆ ಬರುವುದು ಹೀಗೆ:

ಭ
ಭಾ
ಭಾಲ
ಭಾಲ್
ಭಾಲ್ಕ
ಭಾಲ್ಕಿ

ಯೂನಿಕೋಡ್‌ನಲ್ಲಿ ಭ, ಅದರ ದೀರ್ಘ, ಲ, ಹಲಂತ ಚಿಹ್ನೆ, ಕ, ಅದರ ಗುಡಿಸು ಇವೆಲ್ಲ ಬೇರೆ ಬೇರೆ ಸಂಕೇತಗಳು. ಕಂಪ್ಯೂಟರ್ ಎಣಿಸುವುದು ಅವುಗಳನ್ನು, ನಾವು ಓದುವ ಅಕ್ಷರಗಳನ್ನಲ್ಲ. 'ಬೀದರ' ಮತ್ತು 'ಔರಾದ' ಎರಡೂ ನಮ್ಮ ಕಣ್ಣಿಗೆ 3, ಅದರ ಲೆಕ್ಕಕ್ಕೆ 4. ಹೆಸರು ಒಡೆಯಬಾರದೆಂದರೆ 'ಭಾ', 'ಲ್ಕಿ' ಎಂದು ಅಕ್ಷರಗಳನ್ನು ಪಟ್ಟಿಯಲ್ಲಿಟ್ಟು, ಆ ಪಟ್ಟಿಯ ಮೇಲೆ ಲೂಪ್ ಓಡಿಸಬೇಕು. ಆಗ ಮೆಟ್ಟಿಲು ಎರಡೇ.

ಇಂಗ್ಲಿಷ್ ಹೆಸರಿನಲ್ಲಿ ಈ ತೊಡಕು ಬರುವುದಿಲ್ಲ, ಈ ಪಾಠವೂ ಸಿಗುವುದಿಲ್ಲ. ಪ್ರೋಗ್ರಾಮಿಂಗ್ ಕಲಿಸುವ ಮೇಷ್ಟ್ರುಗಳೇ, ನಕ್ಷತ್ರದ ತ್ರಿಕೋನ ಮುಗಿದ ಮರುದಿನ ಮಕ್ಕಳ ಕೈಯಲ್ಲಿ ಅವರ ಊರಿನ ಹೆಸರನ್ನು ಕನ್ನಡದಲ್ಲೇ ಅಚ್ಚು ಮಾಡಿಸಿ.