ಬಿಳಿಮೀನಿಗೆ ದಡದಿಂದ ಸ್ಪೂನು ಗಾಳ

ಕಾಫಿ ಹಣ್ಣಾಗುವ ಕಾಲವೂ ಹೊಳೆಯ ನೀರು ತಿಳಿಯಾಗುವ ಕಾಲವೂ ನಮ್ಮಲ್ಲಿ ಹೆಚ್ಚುಕಡಿಮೆ ಒಂದೇ. ಹೀಗಾಗಿ ಗಾಳದ ಹವ್ಯಾಸವುಳ್ಳ ಬೆಳೆಗಾರರು ಕೈಬಿಡುವಿಲ್ಲದ ದಿನಗಳಲ್ಲೇ ಹೊಳೆಯ ಕಡೆ ಕಣ್ಣು ಹಾಯಿಸುತ್ತಾರೆ. ಬೆಲೆ, ಗೊಬ್ಬರ, ಸಾಲದ ಬಾಕಿಗಳನ್ನು ಒಂದು ಸಂಚಿಕೆಯ ಮಟ್ಟಿಗೆ ಬದಿಗಿಟ್ಟು ಬಿಳಿಮೀನಿನ ವಿಷಯ ಬರೆಯಿರೆಂದು ಕೆಲವು ಸದಸ್ಯರು ಕೇಳಿದ್ದಾರೆ. ಬರೆಯುತ್ತೇನೆ, ಆದರೆ ಮಾತು ನಮ್ಮ ಪಲ್ಪರ್ ಮನೆಯವರೆಗೂ ಬರುತ್ತದೆಂದು ಮೊದಲೇ ಹೇಳಿಬಿಡುತ್ತೇನೆ.

ಪುಸ್ತಕಗಳಲ್ಲಿ ಮಹಶೀರ್ ಎಂದು ಬರೆಯುವ ಈ ಮೀನು ಗೆಂಡೆಯ ಬಳಗದ್ದು. ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಏಡಿ, ಬಸವನಹುಳುಗಳ ಚಿಪ್ಪನ್ನು ಅಲ್ಲೇ ನುರಿಸುತ್ತದೆ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅವರ ಗಾಳಕ್ಕೆ ಬಿದ್ದದ್ದು 120 ಪೌಂಡು, ಅಂದರೆ 54 ಕಿಲೋ ತೂಗಿತು. ಈ ಮೀನಿನ ಬೇಟೆಯ ಬಗ್ಗೆ ಪ್ರಸಿದ್ಧವಾದ ‘ದಿ ರಾಡ್ ಇನ್ ಇಂಡಿಯಾ’ ಗ್ರಂಥವನ್ನು ಬರೆದ ಎಚ್. ಎಸ್. ಥಾಮಸ್ ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದವರು. ಅದು 1873ರಲ್ಲಿ ಅಚ್ಚಾದದ್ದೂ ಮಂಗಳೂರಿನಲ್ಲೇ.

ಕಾವೇರಿ ತೀರದವರು ಈ ಮೀನಿಗೆ ಹಾಕುವುದು ರಾಗಿ ಹಿಟ್ಟಿನ ಉಂಡೆ. ಅದರಲ್ಲಿ ಕಾಯುವ ಕೆಲಸವೇ ಹೆಚ್ಚು. ಸ್ಪೂನಿನದು ನಡೆದಾಡುವ ಕೆಲಸ. ಸ್ಪೂನೆಂದರೆ ಹಿಡಿ ಮುರಿದ ಚಮಚೆಯಂಥ ಹಿತ್ತಾಳೆಯ ಅಥವಾ ತಾಮ್ರದ ತಗಡು. ನೀರಿನಲ್ಲಿ ಎಳೆದಾಗ ಹೊಯ್ದಾಡುತ್ತ ಗಾಯಗೊಂಡ ಮರಿಮೀನಿನಂತೆ ಮಿನುಗಬೇಕು. ಫ್ಯಾನಿನಂತೆ ಗಿರಗಿರನೆ ತಿರುಗಿದರೆ ಎಳೆತ ಜಾಸ್ತಿಯಾಯಿತೆಂದು ತಿಳಿಯಿರಿ. ಮುಂದೆ ಒಂದು ಸ್ವಿವೆಲ್ ಇರದಿದ್ದರೆ ತಂಗೂಸು ದಾರ ಹುರಿಗೊಂಡು ಹಾಳಾಗುತ್ತದೆ.

ಬಿಳಿಮೀನು ಸ್ಪೂನನ್ನು ಕಂಡು ಹಿಡಿಯಬೇಕು. ಆದ್ದರಿಂದ ನೀರು ಮುಖ್ಯ. ಮೊಣಕಾಲುದ್ದ ನೀರಿನಲ್ಲಿ ನಿಂತಾಗ ನಿಮ್ಮ ಕಾಲ್ಬೆರಳು ಕಾಣದಿದ್ದರೆ ಅಂದು ಸ್ಪೂನಿಗೆ ರಜೆ, ರಾಗಿ ಉಂಡೆಯೇ ಗತಿ. ನೀರು ತೀರ ತಿಳಿಯಾದರೆ ಅದೂ ನಿಮ್ಮನ್ನು ನೋಡುತ್ತದೆ. ಬಿಳಿ ಅಂಗಿ ಬೇಡ, ಬಂಡೆಯ ನೆತ್ತಿಯ ಮೇಲೆ ನಿಲ್ಲುವುದೂ ಬೇಡ. ದಡದವನಿಗೆ ಇಡೀ ಹೊಳೆ ಸಿಕ್ಕುವುದಿಲ್ಲ, ಸಿಕ್ಕಬೇಕಾಗಿಯೂ ಇಲ್ಲ. ನೊರೆನೀರು ಮಡುವಿಗೆ ಬೀಳುವ ಜಾಗ, ರಭಸದ ನೀರೂ ನಿಧಾನದ ನೀರೂ ಸೇರುವ ಗೆರೆ, ದೊಡ್ಡ ಬಂಡೆಯ ಮರೆ, ಇಷ್ಟು ಸಾಕು. ಹರಿವಿಗೆ ಅಡ್ಡವಾಗಿ, ಕೊಂಚ ಕೆಳಮುಖಕ್ಕೆ ಎಸೆದು, ದಾರ ಬಿಗಿಯಾಗಿಟ್ಟು, ಹರಿವೇ ಸ್ಪೂನನ್ನು ಈಚೆ ದಡಕ್ಕೆ ತರಲು ಬಿಡಿ. ರೀಲು ಸುತ್ತುವುದು ನಿಧಾನ. ಕಡಿದ ಮೀನಿನ ಮೊದಲ ಓಟವನ್ನು ತಡೆಯಲು ಹೋದರೆ ದಾರ ಉಳಿಯದು, ಬ್ರೇಕು ಹದವಾಗಿರಲಿ. ಅಗ್ಗದ ಕೊಕ್ಕೆಗಳನ್ನು ಅದು ದವಡೆಯ ಒತ್ತಿನಿಂದಲೇ ಚಪ್ಪಟೆ ಮಾಡುತ್ತದೆ.

ಮೂರು ಮುಖದ ಕೊಕ್ಕೆಯನ್ನು ತೆಗೆದು, ಮುಳ್ಳು ಒತ್ತಿದ ಒಂಟಿ ಕೊಕ್ಕೆ ಹಾಕಿ ಎನ್ನುವುದು ನನ್ನ ಸಲಹೆ. ಏಕೆಂದರೆ ಈ ಮೀನನ್ನು ಬಿಡಲೇಬೇಕು. ಕಾವೇರಿಯ ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ದೊಡ್ಡ ಬಿಳಿಮೀನನ್ನು 2018ರಲ್ಲಿ ತೀವ್ರ ವಿನಾಶದ ಅಂಚಿನಲ್ಲಿರುವ ಜಾತಿಯೆಂದು ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಿದರು. ಲೋನಾವಳದ ಮರಿಕೇಂದ್ರದಿಂದ ಬಂದ ಬೇರೆ ಜಾತಿಯ ಮರಿಗಳನ್ನು ಒಳ್ಳೆಯದಾಗಲೆಂದೇ ಕಾವೇರಿಗೆ ಬಿಟ್ಟರು. ಹೊಸದು ಹೆಚ್ಚಿತು, ಹಳೆಯದು ಕರಗಿತು. ಹಿಡಿದ ಮೀನನ್ನು ನೀರಿನಿಂದೆತ್ತದೆ ಕೊಕ್ಕೆ ಬಿಡಿಸಿ, ತಲೆಯನ್ನು ಹರಿವಿಗೆ ಎದುರಾಗಿ ಹಿಡಿದಿದ್ದರೆ ಸುಧಾರಿಸಿಕೊಂಡು ತಾನೇ ಹೋಗುತ್ತದೆ. ಅಭಯಾರಣ್ಯದೊಳಗೆ ಗಾಳ ಹಾಕುವಂತಿಲ್ಲ. ಬೇರೆಡೆಯೂ ಪರವಾನಗಿ ವಿಚಾರಿಸಿಯೇ ಹೊರಡಿ. ಶೃಂಗೇರಿ, ಶಿಶಿಲಗಳ ದೇವರ ಮೀನಿನ ಸುದ್ದಿಗೆ ಹೋಗಬೇಡಿರೆಂದು ನಮ್ಮವರಿಗೆ ಹೇಳಬೇಕಾಗಿಲ್ಲ.

ಗಾಳದವನು ಒಂದು ದಿನಕ್ಕೆ ಒಂದು ಮೀನನ್ನು ಕಾಡಿಸಿಯಾನು. ತೋಟೆ ಸಿಡಿಸುವವನೂ ವಿಷ ಕದಡುವವನೂ ಮಡುವನ್ನೇ ಖಾಲಿ ಮಾಡುತ್ತಾರೆ. 1897ರ ಮೀನುಗಾರಿಕಾ ಕಾಯಿದೆಯಲ್ಲೇ ಎರಡೂ ಅಪರಾಧ. ಅಂಥವರನ್ನು ಬೈಯುವುದು ಸುಲಭ. ನಮ್ಮ ತೋಟದಿಂದ ಇಳಿಯುವುದೇನು?

ಕೊಳೆರೋಗಕ್ಕೆ 100 ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ, ಸುಣ್ಣ ಕಲಸುತ್ತೇವೆ. ಅದು ಅಡಿಕೆ ಗೊನೆಯ ಮೇಲಿದ್ದರೆ ಔಷಧಿ. ಡ್ರಮ್ಮು ತೊಳೆದ ನೀರಾಗಿ ಹಳ್ಳಕ್ಕಿಳಿದರೆ ಅದರ ತಾಮ್ರ ಮೀನಿನ ಕಿವಿರಿಗೆ ವಿಷ. ಸುಣ್ಣದಂಶ ಕಡಿಮೆಯಿರುವ ಮಲೆನಾಡಿನ ಮೆದುನೀರಿನಲ್ಲಿ ತಾಮ್ರದ ಹಾವಳಿ ಗಡಸು ನೀರಿಗಿಂತ ಹೆಚ್ಚು. ಪಲ್ಪರ್ ನೀರಿನದು ಬೇರೆ ಬಗೆ. ಅದರಲ್ಲಿರುವುದು ವಿಷವಲ್ಲ, ಕಾಫಿಹಣ್ಣಿನ ಸಕ್ಕರೆ ಮತ್ತು ಲೋಳೆ. ಅದು ಹುಳಿಯುವಾಗ ನೀರಿನ ಪ್ರಾಣವಾಯುವನ್ನು ತಿಂದುಹಾಕುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹಳ್ಳ ಸೊರಗುತ್ತಿರುವಾಗಲೇ ನಾವು ಪಲ್ಪ್ ಮಾಡುವುದು. ಮರಿಗಳು ಮೇಲೆ ಬಂದು ಬಾಯಿ ಬಡಿಯುವುದನ್ನು ಕಂಡವರು ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಸಣ್ಣ ಬೆಳೆಗಾರನಿಗೆ ದೊಡ್ಡ ಶುದ್ಧೀಕರಣ ಘಟಕ ಕಟ್ಟುವುದು ಭಾರವೇ ಸರಿ, ಒಪ್ಪುತ್ತೇನೆ. ಆದರೆ ಪಲ್ಪರ್ ನೀರನ್ನು ಒಂದೆರಡು ಸುತ್ತು ಮರುಬಳಸಿ, ಹಳ್ಳದಿಂದ ದೂರ ತೋಡಿದ ಗುಂಡಿಗಳಲ್ಲಿ ತಡೆದು, ಹುಳಿ ಮುರಿಯಲು ಸುಣ್ಣ ಹಾಕುವುದಕ್ಕೆ ಹಾರೆ, ಗುದ್ದಲಿ, ನಾಲ್ಕಾಳು ಸಾಕು. ಸಿಪ್ಪೆಯನ್ನು ಹಳ್ಳದ ಬದಿಗೆ ಸುರಿಯದೆ ಗೊಬ್ಬರದ ಗುಂಡಿಗೆ ಹಾಕಿದರೆ ತೋಟಕ್ಕೇ ಲಾಭ. ಸಿಂಪಡಣೆಯ ಡ್ರಮ್ಮು, ಪಂಪುಗಳನ್ನು ತೋಟದೊಳಗೇ, ಹಳ್ಳದಿಂದ ದೂರ ತೊಳೆಯಿರಿ. ಗುಂಡಿ ತೋಡುವುದನ್ನು ಕೊಯ್ಲು ಶುರುವಾಗುವ ಮೊದಲೇ ಮುಗಿಸಬೇಕು. ಆಮೇಲೆ ಆಳು ಸಿಕ್ಕುವುದಿಲ್ಲ.