ಕವರಿನೊಳಗಿನ ಗೆಳತಿ ನೆನಪಿದ್ದಾಳಾ?

ಅಂಚೆಯಣ್ಣನ ಸೈಕಲ್ ಬೆಲ್ ಕೇಳಿ, ಒಲೆ ಮೇಲಿನ ಹಾಲನ್ನೂ ಮರೆತು ಬಾಗಿಲಿಗೆ ಓಡಿದ್ದು ನೆನಪಿದೆಯಾ? ಎಲ್‌ಐಸಿ ನೋಟಿಸಿಗಲ್ಲ, ಬ್ಯಾಂಕಿನ ಕಾಗದಕ್ಕೂ ಅಲ್ಲ. ನಿಮ್ಮದೇ ಹೆಸರು ಬರೆದ, ನಡುವೆ ಸ್ವಲ್ಪ ಉಬ್ಬಿದ ಕವರಿಗೆ! ಒಳಗೆ ಗೆಳತಿ ಕೈಯಾರೆ ಮಾಡಿದ ಗ್ರೀಟಿಂಗ್ ಕಾರ್ಡು, ಜೊತೆಗೆ ನಾಲ್ಕು ಸಾಲು ಪತ್ರ. ಈಗ ಹಬ್ಬ ಬಂದರೆ ವಾಟ್ಸ್ಆ್ಯಪ್‌ನಲ್ಲಿ ಒಂದೇ ದೀಪದ ಚಿತ್ರ ಇಪ್ಪತ್ತು ಜನರಿಂದ ಬರುತ್ತೆ. ಸಂಜೆಯೊಳಗೆ ಅಳಿಸಿಯೂ ಬಿಡ್ತೀವಿ, ಅಲ್ವಾ?

ನನ್ನ ತವರು ತಿಪಟೂರು ತಾಲ್ಲೂಕಿನ ಬಿಳಿಗೆರೆ. ಎತ್ತ ನೋಡಿದರೂ ತೆಂಗಿನ ತೋಟ. ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಕಾಯಿ ಕೂತು, ಒಳಗಿನ ನೀರು ಆರಿ ಕೊಬ್ಬರಿಯಾಗುವ ಸೀಮೆ. 2010ರಲ್ಲಿ ಬಿ.ಎ. ಮುಗಿಸಿದ ನಾವು ಐದು ಜನ ಗೆಳತಿಯರು ಬೇರೆಯಾದೆವು. ಒಬ್ಬಳು ತುರುವೇಕೆರೆ, ಒಬ್ಬಳು ಚಿಕ್ಕನಾಯಕನಹಳ್ಳಿ, ಇನ್ನೊಬ್ಬಳು ಅರಸೀಕೆರೆ, ಮತ್ತೊಬ್ಬಳು ಮದುವೆಯಾಗಿ ಬೆಂಗಳೂರು. ಹೋಗುವಾಗ ಒಂದು ಕರಾರು ಮಾಡಿಕೊಂಡೆವು. ತಿಂಗಳಿಗೊಂದು ಕವರ್, ಒಳಗೆ ಕಾಗದದಲ್ಲಿ ಮಾಡಿದ ಏನಾದರೊಂದು. ಅಂಗಡಿಯದು ಬೇಡ. ಬಂದದ್ದಕ್ಕೆ ಪ್ರತಿಯಾಗಿ ಕಳಿಸಲೇಬೇಕು.

ಕಡ್ಡಿಪೊರಕೆಯೇ ನಮ್ಮ ಯಂತ್ರ

ಆಗ ಎಲ್ಲರಿಗೂ ಕ್ವಿಲ್ಲಿಂಗ್ ಹುಚ್ಚು. ಕಾಗದದ ತೆಳು ಪಟ್ಟಿಯನ್ನು ಸುರುಳಿ ಸುತ್ತಿ, ಚಿವುಟಿ, ಹೂವು ಎಲೆ ಮಾಡಿ ಅಂಟಿಸುವ ಕೆಲಸ. ಇದು ಮೊನ್ನೆ ಮೊನ್ನೆ ಹುಟ್ಟಿದ್ದಲ್ಲ. ಯುರೋಪಿನ ಕ್ರೈಸ್ತ ಸನ್ಯಾಸಿನಿಯರು ಪುಸ್ತಕದ ಅಂಚು ಕತ್ತರಿಸಿದಾಗ ಉಳಿಯುತ್ತಿದ್ದ ಚಿನ್ನದ ಬಣ್ಣದ ಪಟ್ಟಿಗಳನ್ನು ಹೀಗೆ ಸುತ್ತುತ್ತಿದ್ದರಂತೆ. ಹಕ್ಕಿಗರಿಯ ದಂಟಿಗೆ ಸುತ್ತುತ್ತಿದ್ದರಿಂದಲೇ ಆ ಹೆಸರು. ನಮ್ಮೂರಲ್ಲಿ ಕ್ವಿಲ್ಲಿಂಗ್ ಸೂಜಿ ಎಲ್ಲಿ ಸಿಗಬೇಕು? ಕಡ್ಡಿಪೊರಕೆಯಿಂದ ಗಟ್ಟಿ ಕಡ್ಡಿ ಎಳೆದು, ತುದಿಯನ್ನು ಬ್ಲೇಡಿನಿಂದ ಸೀಳಿ, ಆ ಸೀಳಿಗೆ ಕಾಗದ ಸಿಕ್ಕಿಸಿ ಸುತ್ತುತ್ತಿದ್ದೆವು. ಪೊರಕೆ ದಿನದಿನಕ್ಕೆ ತೆಳ್ಳಗಾಗೋದು ನೋಡಿ ಅಮ್ಮ ಬೈಯೋರು.

ಕಾಗದಕ್ಕೇನೂ ಬರವಿರಲಿಲ್ಲ. ಹಳೇ ಲಗ್ನಪತ್ರಿಕೆಗಳ ರಾಶಿಯೇ ಇತ್ತಲ್ಲ! ಗಣಪತಿ ಚಿತ್ರ ಕತ್ತರಿಸಿ ತೆಗೆದಿಟ್ಟು, ಉಳಿದ ದಪ್ಪ ಕಾಗದದಲ್ಲಿ ಕಾರ್ಡು ಮಾಡುತ್ತಿದ್ದೆವು. ಕವರಿನ ಬಾಯಿ ಅಂಟಿಸದೆ ಮಡಿಚಿ, ಮೇಲೆ 'ಬುಕ್ ಪೋಸ್ಟ್' ಅಂತ ಬರೆದರೆ ಕಡಿಮೆ ಬೆಲೆಯ ಸ್ಟಾಂಪು ಸಾಕಾಗುತ್ತಿತ್ತು. ಪತ್ರ ಬರೆಯುವ ಹಾಗಿಲ್ಲವಲ್ಲ ಅಂತ ಕಾರ್ಡಿನ ಹಿಂದೆ ಇರುವೆ ಅಕ್ಷರದಲ್ಲಿ ಎರಡು ಸಾಲು ಗೀಚುತ್ತಿದ್ದೆವು!

ನಮ್ಮ ಹಿರಿಯರಿಗೂ ಗೊತ್ತಿತ್ತು

ಕೊಟ್ಟು ತೆಗೆದುಕೊಳ್ಳುವ ಈ ಆಟ ನಮಗೆ ಹೊಸದೇನಲ್ಲ. ಸಂಕ್ರಾಂತಿಯಲ್ಲಿ ಎಳ್ಳು ಬೀರೋದು ಮತ್ತೇನು ಹೇಳಿ? ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಬೆಲ್ಲ, ಹುರಿಗಡಲೆ, ಕಡಲೆಬೀಜ, ಎಳ್ಳು ಬೆರೆಸಿ, ಮನೆಯಲ್ಲೇ ಸಕ್ಕರೆ ಅಚ್ಚು ಹೊಯ್ದು ಮನೆಮನೆಗೆ ಕೊಟ್ಟು ಬರುತ್ತಿದ್ದರು. ಎಲ್ಲರ ಮನೆಯಲ್ಲೂ ಅದೇ ಎಳ್ಳು, ಅದೇ ಬೆಲ್ಲ. ಆದರೂ ಯಾರ ಕೊಬ್ಬರಿ ಎಷ್ಟು ಸಣ್ಣಗೆ ಹೆಚ್ಚಿದೆ ಅಂತ ನೋಡೋ ಖುಷಿಯೇ ಬೇರೆ. ರಂಗೋಲಿ ಪುಸ್ತಕವೂ ಹಾಗೆಯೇ. ನನ್ನಮ್ಮನ ನೋಟ್‌ಬುಕ್ಕಿನಲ್ಲಿ ಅರ್ಧಕ್ಕರ್ಧ ರಂಗೋಲಿ ಪಕ್ಕದ ಮನೆಯವರು ಹಾಕಿಕೊಟ್ಟದ್ದು. 'ಯಾರ ಮನೆ ಬಟ್ಟಲನ್ನೂ ಖಾಲಿ ಕಳಿಸಬಾರದು ಕಣಮ್ಮ, ಒಂದು ಚಮಚ ಸಕ್ಕರೆನಾದ್ರೂ ಹಾಕು' ಅನ್ನೋರು ಅಮ್ಮ.

ದೂರದ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ 1997ರಲ್ಲಿ ಸ್ಟಿರ್ನೆಮನ್ ಎಂಬ ಕಲಾವಿದ ಇಂಥದ್ದೇ ಒಂದು ರೂಢಿ ಶುರು ಮಾಡಿದರು. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ಪುಟ್ಟ ಕಾರ್ಡಿನ ಮೇಲೆ ಏನು ಬೇಕಾದರೂ ಬರೆಯಿರಿ, ಅಂಟಿಸಿ. ಆದರೆ ಮಾರುವ ಹಾಗಿಲ್ಲ, ಒಂದು ಕೊಟ್ಟು ಒಂದು ಪಡೆಯಬೇಕು. ಇದು ಎಷ್ಟೋ ದೇಶಗಳಿಗೆ ಹಬ್ಬಿತು. ನಮ್ಮಮ್ಮನ ಬಟ್ಟಲಿನ ಲೆಕ್ಕವೇ ಅಲ್ವಾ ಇದು!

ನಾನು ಖಾಲಿ ಬಿಟ್ಟ ಬಟ್ಟಲು

ಇಷ್ಟೆಲ್ಲ ಹೇಳುವ ನಾನೇ ತಪ್ಪಿದೆ. 2014ರಲ್ಲಿ ತುರುವೇಕೆರೆಯ ಗೆಳತಿಯಿಂದ ಕವರ್ ಬಂದಾಗ ನನ್ನ ಮಗುವಿಗೆ ಮೂರು ತಿಂಗಳು. ಬಾಣಂತನಕ್ಕೆ ತವರಲ್ಲಿದ್ದೆ. ಒಳಗೆ ಹಸಿರು ಸುರುಳಿಯ ತೆಂಗಿನ ಮರ. ಗರಿಗಳು ಎಷ್ಟು ಚೆಂದ ಬಾಗಿದ್ದವು! 'ಮುಂದಿನದು ನಿಂದು' ಅಂತ ಬರೆದಿದ್ದಳು. ಆಮೇಲೆ ನೋಡಿದರಾಯ್ತು ಅಂತ ಪೆಟ್ಟಿಗೆಯಲ್ಲಿಟ್ಟೆ. ಅಷ್ಟರಲ್ಲಿ ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂತು. ದಿನಾ ಗುಡ್ ಮಾರ್ನಿಂಗ್ ಕಳಿಸ್ತೀವಲ್ಲ, ಸಂಬಂಧ ಇದ್ದೇ ಇದೆ ಅಂದುಕೊಂಡೆ.

ಹೋದ ವರ್ಷ ತವರಿನ ಅಟ್ಟ ಗುಡಿಸುವಾಗ ಆ ಪೆಟ್ಟಿಗೆ ಸಿಕ್ಕಿತು. ಮರದ ಅರ್ಧ ಗರಿಯನ್ನು ಬೆಳ್ಳಿಹುಳ ತಿಂದಿತ್ತು. ಅವಳಿಗೆ ಫೋನ್ ಮಾಡಿ ನಗುತ್ತಲೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ಅದನ್ನ ನಮ್ಮಮ್ಮನ ಮಂಚದ ಪಕ್ಕ ಕೂತು ಮಾಡಿದ್ದು ಕಣೇ. ಅಮ್ಮ ಹೋದ ಮೇಲೆ ಪೋಸ್ಟ್‌ಮ್ಯಾನ್ ಬಂದಾಗಲೆಲ್ಲ ಹೊರಗೆ ಬರ್ತಿದ್ದೆ. ನಿಂದು ಬಂದ್ರೆ ಮತ್ತೆ ಕತ್ತರಿ ಹಿಡಿಯೋಣ ಅಂತ.'

ಅವಳಮ್ಮ ತೀರಿಕೊಂಡದ್ದು ನನಗೆ ಗೊತ್ತಿತ್ತು. ಫೋನಿನಲ್ಲಿ ಸಮಾಧಾನವನ್ನೂ ಹೇಳಿದ್ದೆ. ಆದರೆ ಅವಳು ಕಾಯುತ್ತಿದ್ದದ್ದು ಕವರಿಗೆ ಅಂತ ಗೊತ್ತಾಗಲಿಲ್ಲ.

ಆ ವಾರವೇ ಕೂತು ಒಂದು ಕಾರ್ಡು ಮಾಡಿದೆ. ಅಭ್ಯಾಸ ತಪ್ಪಿ ಬೆರಳು ನಡುಗಿ, ಹೂವು ಹೂಕೋಸಿನ ಹಾಗಾಯ್ತು. ಹಾಗೇ ಕಳಿಸಿದೆ. ತಿಂಗಳಾಯ್ತು, ಎರಡಾಯ್ತು, ಉತ್ತರವಿಲ್ಲ. ಕೇಳೋಕೆ ಧೈರ್ಯ ಸಾಲಲಿಲ್ಲ. ಮೂರನೇ ತಿಂಗಳು ಕವರ್ ಬಂತು. ಸುರುಳಿ ಇಲ್ಲ, ಬಣ್ಣ ಇಲ್ಲ. ಚೌಕುಳಿ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದ ಒಂದು ಚುಕ್ಕಿ ರಂಗೋಲಿ, ಕೆಳಗೆ 'ಅಮ್ಮನ ಪುಸ್ತಕದ್ದು. ಮುಂದಿನದು ನಿಂದು'. ಈ ಸಲ ನಾನು ಆಮೇಲೆ ಅನ್ನಲಿಲ್ಲ.

ನೀವೂ ಶುರು ಮಾಡಿ

* ಮೂರು ನಾಲ್ಕು ಗೆಳತಿಯರಿದ್ದರೆ ಸಾಕು. ತಿಂಗಳಿಗೊಂದು ಕಷ್ಟವಾದರೆ ಯುಗಾದಿ, ದಸರಾ, ಸಂಕ್ರಾಂತಿ ಅಂತ ಮೂರೇ ಸಲ ಇಟ್ಟುಕೊಳ್ಳಿ. ಆಗದಿದ್ದರೆ 'ಈ ಸಲ ಆಗಲ್ಲ' ಅಂತ ಒಂದು ಮಾತು ತಿಳಿಸಿ.

* ಏಳು ಇಂಚು ಉದ್ದ, ಐದು ಇಂಚು ಅಗಲದ ಲಗ್ನಪತ್ರಿಕೆಯ ಹಾಳೆಯಿಂದ ಎರಡೂವರೆ-ಮೂರೂವರೆ ಅಳತೆಯ ನಾಲ್ಕು ಕಾರ್ಡು ಸರಿಯಾಗಿ ಬರುತ್ತವೆ. ಚೂರೂ ದಂಡವಾಗಲ್ಲ.

* ಸುರುಳಿಗೆ ಪಟ್ಟಿಯ ಅಗಲ 3ರಿಂದ 5 ಮಿ.ಮೀ. ಇರಲಿ. ಮೈದಾ ಅಂಟು ಬೇಡ, ಹುಳ ಹಿಡಿಯುತ್ತೆ. ಫೆವಿಕಾಲ್ ಅನ್ನು ಕಡ್ಡಿಯ ತುದಿಯಿಂದ ಒಂದೇ ಚುಕ್ಕಿ ಮುಟ್ಟಿಸಿ.

* ಉಬ್ಬಿದ ಕಾರ್ಡು ಅಂಚೆಯಲ್ಲಿ ಜಜ್ಜಿಹೋಗದಂತೆ ಸ್ವೀಟ್ ಬಾಕ್ಸಿನ ರಟ್ಟನ್ನು ಎರಡೂ ಕಡೆ ಇಡಿ. ಸ್ಟಾಂಪ್ ಹಚ್ಚುವ ಮೊದಲು ಅಂಚೆ ಕಚೇರಿಯಲ್ಲಿ ತೂಕ ಹಾಕಿಸಿ. ಕಡಿಮೆ ಹಚ್ಚಿದರೆ ಕೊರತೆಯ ಎರಡರಷ್ಟು ದುಡ್ಡನ್ನು ಪಾಪ, ನಿಮ್ಮ ಗೆಳತಿ ಕಟ್ಟಬೇಕಾಗುತ್ತೆ!

* ಚೆನ್ನಾಗಿ ಬಂದಿಲ್ಲ ಅಂತ ಕಳಿಸದೆ ಇಟ್ಟುಕೊಳ್ಳಬೇಡಿ.

ಮಧ್ಯಾಹ್ನ ಪಾತ್ರೆ ತೊಳೆದು ಬಂದ ಮೇಲೆ ಹಳೇ ಪೆಟ್ಟಿಗೆಯನ್ನೊಮ್ಮೆ ತೆಗೆದು ನೋಡಿ. ಯಾರ ಕವರಿಗಾದರೂ ಉತ್ತರ ಬಾಕಿ ಇದೆಯಾ? ವಿಳಾಸ ಬದಲಾಗಿರಬಹುದು. ಇವತ್ತೇ ಫೋನ್ ಮಾಡಿ ಕೇಳಿಬಿಡಿ.