ಹೊಯಿಗೆಯಲ್ಲಿ ಕಾರು ಹೂತರೆ ಮೊದಲು ಕಾಲು ತೆಗೆಯಿರಿ

ಈದ್‌ನ ಮಧ್ಯಾಹ್ನ ಬಿರಿಯಾನಿ ಮುಗಿದು, ಬಂದ ನೆಂಟರು ಸ್ವಲ್ಪ ಕಾಲು ಚಾಚುವಷ್ಟರಲ್ಲಿ ಮಕ್ಕಳದ್ದು ಒಂದೇ ಹಠ: “ಬೀಚಿಗೆ ಹೋಗೋಣ.” ಉಡುಪಿ, ಮಣಿಪಾಲದವರಿಗೆ ಮಲ್ಪೆ ಹತ್ತಿರ. ಕಾರ್ಕಳದಿಂದ ಇಳಿದು ಬರುವವರಿಗೆ ಪಡುಬಿದ್ರಿ, ಇಲ್ಲವೇ 1901ರ ದೀಪಸ್ತಂಭ ಇರುವ ಕಾಪು. ಮನೆಯಲ್ಲಿ ಥಾರ್ ಅಥವಾ ಜಿಮ್ನಿ ಇದ್ದರಂತೂ ಯಾರಾದರೊಬ್ಬ ಹುಡುಗ ಹೇಳಿಯೇ ಹೇಳುತ್ತಾನೆ: “ಇದು ಫೋರ್ ವೀಲ್ ಡ್ರೈವ್. ಹೊಯಿಗೆಗೆ ಇಳಿಸಿದರೆ ಏನೂ ಆಗುವುದಿಲ್ಲ.”

ಆದರೆ ಆಗುತ್ತದೆ. ಐವತ್ತು ಗಜ ಹೋಗುವುದರೊಳಗೆ ಗಾಡಿ ಭಾರವಾಗುತ್ತದೆ, ಎಂಜಿನ್ ಕೂಗುತ್ತದೆ, ಚಕ್ರ ತಿರುಗುತ್ತದೆ, ಗಾಡಿ ಮಾತ್ರ ನಿಂತಲ್ಲೇ ಕೆಳಗಿಳಿಯುತ್ತದೆ. ಒಳಗೆ ನೀವು, ಅತ್ತೆ, ಮಡಿಲಲ್ಲಿ ಮಗು. ಹೊರಗೆ ಮುಳುಗುವ ಹೊತ್ತು. ಸುತ್ತ ನಿಂತವರಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ.

ಸಹೋದರಿಯರೇ, ಇದು ಗಂಡಸರ ವಿಷಯ, ನಮಗೇಕೆ ಎಂದು ಪುಟ ತಿರುಗಿಸಬೇಡಿ. ಇಂದು ನಮ್ಮಲ್ಲಿ ಎಷ್ಟೋ ಮಂದಿ ತಾವೇ ಕಾರು ಓಡಿಸುತ್ತಾರೆ. ಓಡಿಸದವರೂ ಇಂಥ ಗಳಿಗೆಯಲ್ಲಿ ಮಕ್ಕಳೊಂದಿಗೆ ಒಳಗೇ ಕುಳಿತಿರುತ್ತಾರೆ. ಹೂತ ಕಾರನ್ನು ಮೇಲೆತ್ತಲು ಬೇಕಾದುದು ತೋಳ್ಬಲಕ್ಕಿಂತ ಹೆಚ್ಚಾಗಿ ಸಮಾಧಾನ. “ಸಾಕು, ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ” ಎಂದು ಸಕಾಲದಲ್ಲಿ ಹೇಳುವವರೊಬ್ಬರು ಗಾಡಿಯೊಳಗಿದ್ದರೆ ಅರ್ಧ ಕೆಲಸ ಮುಗಿದಂತೆ.

ಹೂಳುವುದು ಏಕೆ?

ಅಡುಗೆಮನೆಯಲ್ಲೇ ನೋಡಬಹುದು. ಅಗಲವಾದ ಪಾತ್ರೆಯಲ್ಲಿ ಅಕ್ಕಿಹಿಟ್ಟು ಹಾಕಿ, ಅದರ ಮೇಲೆ ಒಂದು ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ಬೆರಳಿನಿಂದ ಒತ್ತಿ. ಅದು ಸರ್ರನೆ ಒಳಗಿಳಿಯುತ್ತದೆ. ಅದೇ ನಾಣ್ಯವನ್ನು ಮಲಗಿಸಿ ಒತ್ತಿದರೆ ಮೇಲೆಯೇ ನಿಲ್ಲುತ್ತದೆ. ಒತ್ತುವ ಬಲ ಅಷ್ಟೇ. ಅದು ಹರಡುವ ಜಾಗ ಮಾತ್ರ ಬೇರೆ. ಗಾಳಿ ಗಟ್ಟಿಯಾಗಿ ತುಂಬಿದ ಟಯರ್ ಹೊಯಿಗೆಯ ಮೇಲೆ ನಿಲ್ಲಿಸಿದ ನಾಣ್ಯದಂತೆ. ಅದು ನೆಲಕ್ಕೆ ತಾಗುವ ಜಾಗ ಕಡಿಮೆ.

ಇನ್ನೊಂದು ಕಾರಣ ಚಕ್ರಗಳ ನಡುವಿನ ಗೇರಿನದು. ತಿರುವುಗಳಲ್ಲಿ ಎಡಚಕ್ರ ಮತ್ತು ಬಲಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಬೇಕಾದ್ದರಿಂದ ನಡುವೆ ಡಿಫರೆನ್ಷಿಯಲ್ ಎಂಬ ಗೇರುಪೆಟ್ಟಿಗೆ ಇರುತ್ತದೆ. ಅದರ ಸ್ವಭಾವ ವಿಚಿತ್ರ. ಎರಡರಲ್ಲಿ ಯಾವ ಚಕ್ರಕ್ಕೆ ಹಿಡಿತ ಇಲ್ಲವೋ ಅದನ್ನೇ ಜೋರಾಗಿ ತಿರುಗಿಸಿ, ಹಿಡಿತ ಇರುವ ಚಕ್ರವನ್ನು ಸುಮ್ಮನಿರಿಸುತ್ತದೆ. ಫೋರ್ ವೀಲ್ ಡ್ರೈವ್ ಗಾಡಿಯಲ್ಲೂ ಮುಂದಿನ ಒಂದು, ಹಿಂದಿನ ಒಂದು ಚಕ್ರ ಹೀಗೆ ಜಾರಲು ಹಿಡಿದರೆ ಗಾಡಿ ನಿಲ್ಲಬಹುದು. ಇದನ್ನು ತಡೆಯುವ ಲಾಕ್ ಅಥವಾ ಬ್ರೇಕ್ ವ್ಯವಸ್ಥೆ ಕೆಲವು ಗಾಡಿಗಳಲ್ಲಿದೆ. ಆದರೆ ಗಾಡಿಯ ಹೊಟ್ಟೆಯೇ ಹೊಯಿಗೆಗೆ ಊರಿದರೆ ಅದೂ ಉಪಯೋಗಕ್ಕೆ ಬಾರದು. ನಾಲ್ಕು ಚಕ್ರದ ಬಲವನ್ನೇ ನಂಬಿದವರು ಇನ್ನಷ್ಟು ಮುಂದೆ ಹೋಗಿ, ಇನ್ನಷ್ಟು ಆಳಕ್ಕೆ ಹೂಳುವುದೇ ಹೆಚ್ಚು.

ಬರೀ ಬೀಚಿನ ಮಾತಲ್ಲ

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಾರ್ಕಳದ ಕಡೆ ಗುಡ್ಡದ ಮನೆಗೆ ಹೋಗುವ ಕೆಂಪು ಮಣ್ಣಿನ ದಾರಿ, ತೋಟದ ಏರು, ಮದುವೆಮನೆಯ ಪಕ್ಕದ ಗದ್ದೆಯಲ್ಲಿ ಮಾಡಿದ ಪಾರ್ಕಿಂಗ್, ಕರಾವಳಿ ರಸ್ತೆಯ ಅಂಚಿನ ಹೊಯಿಗೆ: ಇಲ್ಲೆಲ್ಲ ಸಾಧಾರಣ ಆಲ್ಟೊ, ಸ್ವಿಫ್ಟ್‌ಗಳೂ ಹೂಳುತ್ತವೆ. ಕೆಸರಿನಲ್ಲಿ ಟಯರಿನ ಗೀರುಗಳಿಗೆ ಮಣ್ಣು ಮೆತ್ತಿಕೊಂಡು ಚಕ್ರ ಎಣ್ಣೆ ಸವರಿದಂತೆ ನುಣುಪಾಗುತ್ತದೆ. ಮದ್ದು ಮಾತ್ರ ಎರಡೂ ಕಡೆ ಒಂದೇ: ಚಕ್ರಕ್ಕೆ ಕಚ್ಚಿ ಹಿಡಿಯಲು ಏನಾದರೂ ಕೊಡಬೇಕು.

ಹಲ್ಲಿರುವ ಹಲಗೆ

ಹಾಗೆ ಕೊಡುವ ವಸ್ತುವಿಗೆ ಟ್ರ್ಯಾಕ್ಷನ್ ಬೋರ್ಡ್ ಅಥವಾ ರಿಕವರಿ ಬೋರ್ಡ್ ಎನ್ನುತ್ತಾರೆ. ಮೂರೂವರೆ ಅಡಿಯಿಂದ ನಾಲ್ಕು ಅಡಿ ಉದ್ದ, ಒಂದು ಅಡಿ ಅಗಲದ ಗಟ್ಟಿ ಪ್ಲಾಸ್ಟಿಕ್ ಹಲಗೆ. ಮೇಲ್ಮೈ ತುಂಬ ಹಲ್ಲುಗಳು, ಹಿಡಿಯಲು ಕೈತೂತು. ಜೋಡಿಯಾಗಿ ಮಾರುತ್ತಾರೆ, ಹೆಂಗಸರೂ ಸುಲಭವಾಗಿ ಎತ್ತಬಹುದು. ಇದು ಎರಡು ಕೆಲಸ ಮಾಡುತ್ತದೆ. ಗಾಡಿಯ ಭಾರವನ್ನು ಅಗಲಕ್ಕೆ ಹರಡುತ್ತದೆ, ಮತ್ತು ತನ್ನ ಹಲ್ಲುಗಳಿಂದ ಟಯರಿಗೆ ಹಿಡಿತ ಕೊಡುತ್ತದೆ.

ಇದರ ಹಿಂದಿನ ಕಥೆ ಮರುಭೂಮಿಯದು. 1920ರ ದಶಕದ ಕೊನೆಯಲ್ಲಿ ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನೋಲ್ಡ್ ರಜೆಯಲ್ಲಿ ಗೆಳೆಯರ ಜೊತೆ ಫೋರ್ಡ್ ಕಾರುಗಳಲ್ಲಿ ಮರುಭೂಮಿ ಸುತ್ತುತ್ತಿದ್ದರು. ಮೊದಲ ಮಹಾಯುದ್ಧದ ಕಂದಕಗಳಿಗೆ ಮಾಡು ಹೊದಿಸಲು ತಯಾರಿಸಿದ್ದ ಉಕ್ಕಿನ ತಗಡುಗಳು ಅವರಿಗೆ ಕೈರೋದಲ್ಲಿ ಹಳೆಯ ಸಾಮಾನಿನ ನಡುವೆ ಸಿಕ್ಕಿದವು. ಹೂತ ಚಕ್ರದ ಅಡಿಗೆ ಅವನ್ನು ಇಟ್ಟು, ಟಯರಿನ ಗಾಳಿ ಇಳಿಸಿ, ಯಾವ ಗಾಡಿಯೂ ದಾಟದೆಂದು ಎಣಿಸಿದ್ದ ಮರಳದಿಬ್ಬಗಳನ್ನು ಅವರು ದಾಟಿದರು. ಎರಡನೆಯ ಮಹಾಯುದ್ಧದಲ್ಲಿ, 1940ರಲ್ಲಿ, ಅವರು ಕಟ್ಟಿದ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಎಂಬ ಪಡೆಯ ಲಾರಿಗಳಲ್ಲೂ ಇಂಥ ತಗಡುಗಳಿರುತ್ತಿದ್ದವು. ಗಮನಿಸಿ: ಬ್ಯಾಗ್ನೋಲ್ಡ್ ಅವರ ಫೋರ್ಡ್ ಕಾರುಗಳಲ್ಲಿ ಎಂಜಿನ್ ಬಲ ಇದ್ದುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಮುಂದೆ 2005ರಲ್ಲಿ ಆಸ್ಟ್ರೇಲಿಯದಲ್ಲಿ ಮ್ಯಾಕ್ಸ್‌ಟ್ರ್ಯಾಕ್ಸ್ ಎಂಬ ಹೆಸರಿನ ಪ್ಲಾಸ್ಟಿಕ್ ಹಲಗೆ ಬಂತು. ಈಗ ಹಲವು ಕಂಪೆನಿಗಳ ಇಂಥ ಹಲಗೆಗಳು ನಮ್ಮಲ್ಲೂ ಸಿಗುತ್ತವೆ.

ಹೊರತೆಗೆಯುವ ಕ್ರಮ

1. ಗಾಡಿ ಮುಂದೆ ಹೋಗುವುದು ನಿಂತ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಆನಂತರ ಚಕ್ರ ತಿರುಗಿದಷ್ಟೂ ಅದು ತನ್ನ ಗುಂಡಿಯನ್ನು ತಾನೇ ತೋಡುತ್ತದೆ.

2. ಎಲ್ಲರೂ ಇಳಿಯಿರಿ. ಮಕ್ಕಳನ್ನು ದೂರ, ನೀರಿನಿಂದಲೂ ಗಾಡಿಯಿಂದಲೂ ದೂರ ಕೂರಿಸಿ. ಅವರ ಜೊತೆ ಒಬ್ಬರು ಇರಲೇಬೇಕು.

3. ಟಯರಿನ ಗಾಳಿ ಇಳಿಸಿ. ಸಾಮಾನ್ಯವಾಗಿ 30ರಿಂದ 35 ಪಿಎಸ್‌ಐ ಇರುತ್ತದೆ. ಪಂಕ್ಚರ್ ಅಂಗಡಿಯಲ್ಲಿ “ಮೂವತ್ತೆರಡು ಹಾಕಿ” ಎನ್ನುತ್ತೇವಲ್ಲ, ಅದೇ ಲೆಕ್ಕ. ಹೊಯಿಗೆಯಲ್ಲಿ ಅದನ್ನು 18ರ ಆಸುಪಾಸಿಗೆ ತರಬಹುದು. ಆಗ ಟಯರ್ ಚಪ್ಪಟೆಯಾಗಿ ಮಲಗಿಸಿದ ನಾಣ್ಯದಂತೆ ಭಾರ ಹರಡುತ್ತದೆ. ತೀರಾ ಕಡಿಮೆ ಮಾಡಿದರೆ ಟಯರ್ ರಿಮ್ಮಿನಿಂದ ಕಳಚಬಹುದು, ಎಚ್ಚರ. ಎಷ್ಟೋ ಸಲ ಇಷ್ಟರಲ್ಲೇ ಗಾಡಿ ಎದ್ದು ಬರುತ್ತದೆ.

4. ತೋಡಿ. ಹೋಗಬೇಕಾದ ದಿಕ್ಕಿನಲ್ಲಿ ಚಕ್ರದ ಮುಂದಿನ ಹೊಯಿಗೆಯನ್ನು ಇಳಿಜಾರಾಗಿ ತೆಗೆಯಿರಿ. ಹೊಟ್ಟೆ ತಾಗಿದ್ದರೆ ಅಲ್ಲಿಯದನ್ನೂ ಉದ್ದನೆಯ ಸಲಿಕೆಯಿಂದ, ಹೊರಗೆ ಕುಳಿತೇ ಎಳೆದು ತೆಗೆಯಿರಿ. ಗಾಡಿಯ ಅಡಿಗೆ ಯಾರೂ ನುಗ್ಗಬಾರದು. ತೋಡದೆ ಹಲಗೆ ಇಟ್ಟು “ಇದು ಪ್ರಯೋಜನ ಇಲ್ಲ” ಎನ್ನುವವರೇ ಹೆಚ್ಚು.

5. ಹಲಗೆಯ ತುದಿ ಟಯರಿಗೆ ಒತ್ತಿಕೊಳ್ಳುವಂತೆ, ಸ್ವಲ್ಪ ಅಡಿಗೆ ಸೇರುವಂತೆ ಇಡಿ. ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಬಲ ಇರುವುದು ಮುಂದಿನ ಚಕ್ರಗಳಿಗೆ. ಆದ್ದರಿಂದ ಹಲಗೆಯೂ ಮುಂದಿನ ಚಕ್ರಗಳಿಗೇ. ಫೋರ್ ವೀಲ್ ಡ್ರೈವ್‌ನಲ್ಲಿ ಹೆಚ್ಚು ಆಳಕ್ಕೆ ಹೋದ ಎರಡು ಚಕ್ರಗಳಿಗೆ ಮೊದಲು ಕೊಡಿ. ಬಂದ ಜಾಡಿನಲ್ಲೇ ಹಿಂದಕ್ಕೆ ಹೋಗುವುದು ಬಹಳ ಸಲ ಸುಲಭ, ಏಕೆಂದರೆ ಆ ಹೊಯಿಗೆ ಈಗಾಗಲೇ ಒತ್ತಿ ಕುಳಿತಿರುತ್ತದೆ.

6. ಸ್ಟೀರಿಂಗ್ ನೇರ ಇಟ್ಟು, ಸಣ್ಣ ಗೇರಿನಲ್ಲಿ ಮೆಲ್ಲನೆ ಹೊರಡಬೇಕು. ಚಕ್ರ ಜಾರಿದರೆ ನಿಲ್ಲಿಸಿ ಮತ್ತೆ ತೋಡಿ. ಹಲಗೆಯ ಮೇಲೆ ಚಕ್ರ ಗಿರ್ರನೆ ಸುತ್ತಿದರೆ ಬಿಸಿಗೆ ಪ್ಲಾಸ್ಟಿಕ್ ಹಲ್ಲು ಕರಗಿಹೋಗುತ್ತದೆ. ಹಲಗೆ ಹತ್ತಿದ ಗಾಡಿ ಗಟ್ಟಿ ನೆಲ ಸಿಗುವ ತನಕ ನಿಲ್ಲಬಾರದು.

7. ಹಲಗೆಗೆ ಮೊದಲೇ ಬಣ್ಣದ ಹಗ್ಗ ಕಟ್ಟಿಟ್ಟರೆ ಹೂತುಹೋದರೂ ಹುಡುಕಬಹುದು. ಡಾಮರು ರಸ್ತೆಗೆ ಬಂದ ಮೇಲೆ ಗಾಳಿ ತುಂಬಿಸದೆ ವೇಗವಾಗಿ ಓಡಿಸಬೇಡಿ. ಟಯರ್ ಬಿಸಿಯಾಗಿ ಸಿಡಿಯಬಹುದು. ಕಾರಿನ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಪಂಪು, ಗಾಳಿ ಅಳೆಯುವ ಮೀಟರು ಡಿಕ್ಕಿಯಲ್ಲಿದ್ದರೆ ಒಳ್ಳೆಯದು.

ಹಲಗೆ ಇಲ್ಲದವರು ತೆಂಗಿನ ಮಡಲು, ಗೋಣಿಚೀಲ, ಮರದ ಹಲಗೆ, ಚೂರುಗಲ್ಲು ಬಳಸಬಹುದು. ಮೀನುಗಾರರು ದೋಣಿಯನ್ನು ಹೊಯಿಗೆಯ ಮೇಲೆ ಜಾರಿಸುವಾಗ ಅಡಿಗೆ ಮರ ಕೊಡುವುದನ್ನು ನೋಡಿದ್ದೀರಲ್ಲ? ನೆಲಕ್ಕೂ ಭಾರಕ್ಕೂ ನಡುವೆ ಏನಾದರೊಂದು ಕೊಡುವ ಉಪಾಯವೇ ಅದು. ಮೊಳೆ ಇರುವ ಹಲಗೆ ಮಾತ್ರ ಬೇಡ. ಒದ್ದೆ ಅಡಿಕೆ ಹಾಳೆಯೂ ಬೇಡ, ಜಾರುತ್ತದೆ.

ಜೀವಕ್ಕೆ ಎರವಾಗುವ ತಪ್ಪುಗಳು

ಕಾರು ಹೂತರೆ ನಷ್ಟ ಸ್ವಲ್ಪ ಹೊತ್ತಿನದು. ತೆಗೆಯುವ ಗಡಿಬಿಡಿಯಲ್ಲಿ ಆಗುವ ಅನಾಹುತಕ್ಕೆ ಪರಿಹಾರ ಇಲ್ಲ. ಈ ನಾಲ್ಕು ಮಾತು ಮನೆಯವರಿಗೆಲ್ಲ ತಿಳಿದಿರಲಿ.

ಚಕ್ರ ಜಾರಿದರೆ ಹಲಗೆ, ಕಲ್ಲು, ಮರ ಏನೇ ಇರಲಿ, ಬಾಣದಂತೆ ಹಿಂದಕ್ಕೆ ಅಥವಾ ಮುಂದಕ್ಕೆ ಹಾರಬಹುದು. ಗಾಡಿ ಚಾಲೂ ಆಗುವಾಗ ಅದರ ಹಿಂದೆ ಮುಂದೆ ಯಾರೂ ನಿಲ್ಲಬಾರದು. ನಿಲ್ಲುವುದಾದರೆ ಪಕ್ಕದಲ್ಲಿ, ಹದಿನೈದು ಹೆಜ್ಜೆ ದೂರದಲ್ಲಿ.

ಬುರ್ಖಾದ ಅಂಚು, ಶಾಲು, ದುಪಟ್ಟಾ ತಿರುಗುವ ಚಕ್ರದ ಹತ್ತಿರ ಸುಳಿಯಬಾರದು. ಹಲಗೆ ಇಡುವಾಗ, ತೆಗೆಯುವಾಗ ಎಂಜಿನ್ ಬಂದ್ ಇರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ.

ಹಿಂಭಾಗ ಹೂತಾಗ ಹೊಗೆಕೊಳವೆ ಹೊಯಿಗೆಯಲ್ಲೋ ಕೆಸರಿನಲ್ಲೋ ಮುಚ್ಚಿಹೋಗುತ್ತದೆ. ಆಗ ಎಸಿ ಹಾಕಿಕೊಂಡು ಮಕ್ಕಳೊಂದಿಗೆ ಒಳಗೆ ಕೂರುವುದು ಬಹಳ ಅಪಾಯ. ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ಒಳಗೆ ನುಗ್ಗಿದರೆ ಮೊದಲು ತಲೆನೋವು, ಮಂಪರು; ಮತ್ತೆ ಪ್ರಜ್ಞೆಯೇ ಇಲ್ಲ. ಮಗು ನಿದ್ದೆ ಹೋಗಿದೆ ಎಂದುಕೊಂಡು ಸುಮ್ಮನಿರುತ್ತೀರಿ.

ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಜಗ್ಗಿ ಎಳೆಯುವುದು ಎಲ್ಲಕ್ಕಿಂತ ಅಪಾಯದ್ದು. ಹಗ್ಗ ತುಂಡಾದರೆ ಅಥವಾ ಕೊಕ್ಕೆ ಕಿತ್ತು ಬಂದರೆ ಎದುರಿಗೆ ಸಿಕ್ಕವರ ಜೀವ ಹೋಗಬಹುದು. ಬಂಪರಿಗೆ, ಟ್ರೇಲರ್ ಸಿಕ್ಕಿಸುವ ಗುಂಡಿಗೆ ಹಗ್ಗ ಕಟ್ಟಲೇಬಾರದು. ಕಂಪೆನಿ ಕೊಟ್ಟಿರುವ ಕೊಕ್ಕೆ ಎಲ್ಲಿದೆ ಎಂದು ಗಾಡಿಯ ಪುಸ್ತಕದಲ್ಲಿ ಇವತ್ತೇ ನೋಡಿಡಿ. ಹಲಗೆಯ ದೊಡ್ಡ ಗುಣವೂ ಇದೇ: ಇನ್ನೊಂದು ಗಾಡಿ ಬೇಡ, ಬಿಗಿದ ಹಗ್ಗ ಬೇಡ.

ಚಂದ್ರ ಮತ್ತು ಉಬ್ಬರ

ಗಲ್ಫ್‌ನಲ್ಲಿ ದುಡಿದು ಬಂದ ನಮ್ಮವರಲ್ಲಿ ಅನೇಕರಿಗೆ ಗಾಳಿ ಇಳಿಸುವುದು, ತೋಡುವುದು ಎಲ್ಲ ಗೊತ್ತು. ಆದರೆ ಮರುಭೂಮಿಯಲ್ಲಿ ಹೂತ ಗಾಡಿ ಬೆಳಗಿನ ತನಕ ಅಲ್ಲೇ ಇರುತ್ತದೆ. ನಮ್ಮ ತೀರದಲ್ಲಿ ಕಡಲು ಕಾಯುವುದಿಲ್ಲ. ದಿನಕ್ಕೆ ಎರಡು ಸಲ ಉಬ್ಬರ ಬರುತ್ತದೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಮೇಲಕ್ಕೇರುತ್ತದೆ.

ಹಿಜರಿ ತಿಂಗಳು ಲೆಕ್ಕ ಇಡುವ ಮನೆಯವರಿಗೆ ಇದು ಸುಲಭ. ಚಂದ್ರ ಕಂಡ ಮೊದಲ ಒಂದೆರಡು ದಿನ, ಹದಿನಾಲ್ಕು ಹದಿನೈದರ ಸುತ್ತಮುತ್ತ ದೊಡ್ಡ ಉಬ್ಬರದ ದಿನಗಳು. ಅಂದರೆ ಶವ್ವಾಲ್ ಒಂದರ ಈದುಲ್ ಫಿತ್ರ್, ನಾವೆಲ್ಲ ಮಕ್ಕಳೊಂದಿಗೆ ಬೀಚಿಗೆ ಹೊರಡುವ ದಿನ, ಪ್ರತಿ ವರ್ಷವೂ ದೊಡ್ಡ ಉಬ್ಬರದ ದಿನವೇ! ನೀರಂಚಿನ ಒದ್ದೆ ಹೊಯಿಗೆ ಗಟ್ಟಿ ಎಂದು ಅಲ್ಲಿ ಗಾಡಿ ಓಡಿಸುವವರು ಇದನ್ನು ಮರೆಯಬಾರದು. ಅಲೆ ಚಕ್ರದ ಸುತ್ತಿನ ಹೊಯಿಗೆಯನ್ನು ತೊಳೆದು ಸಡಿಲಿಸುತ್ತದೆ. ಆಗ ಯಾವ ಹಲಗೆಯೂ ನಿಲ್ಲದು. ನೀರು ಚಕ್ರ ಮುಟ್ಟಿದರೆ ಮೊದಲು ಜನ ಮೇಲಕ್ಕೆ ಬರಬೇಕು, ಗಾಡಿ ಆಮೇಲೆ. 112ಕ್ಕೆ ಕರೆ ಮಾಡಿ. ಹೋದ ಗಾಡಿಗೆ ಇನ್ನೊಂದು ಗಾಡಿ ಸಿಗುತ್ತದೆ.

ಇಳಿಸದಿರುವುದೇ ಮೇಲು

ಇಷ್ಟೆಲ್ಲ ಹೇಳಿದ್ದು ಬೀಚಿಗೆ ಗಾಡಿ ಇಳಿಸಿರೆಂದು ಅಲ್ಲ. ಹೊಯಿಗೆಯ ಮೇಲೆ ಮಕ್ಕಳು ಓಡುತ್ತಿರುತ್ತಾರೆ, ಮೀನುಗಾರರ ಬಲೆ ಹರಡಿರುತ್ತದೆ. ನೇರಳೆ ಹೂವಿನ ಬಳ್ಳಿ ಹೊಯಿಗೆ ಕೊಚ್ಚಿ ಹೋಗದಂತೆ ಹಿಡಿದಿಟ್ಟಿರುತ್ತದೆ. ಕುಂದಾಪುರದ ಕೋಡಿಯಂಥ ತೀರಗಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. 2020ರಲ್ಲಿ ಪಡುಬಿದ್ರಿಗೆ ಸಿಕ್ಕ ಬ್ಲೂ ಫ್ಲ್ಯಾಗ್ ಮಾನ್ಯತೆಯ ನಿಯಮಗಳಲ್ಲಿ ತೀರದಲ್ಲಿ ಅನುಮತಿಯಿಲ್ಲದೆ ವಾಹನ ಓಡಿಸಬಾರದು ಎಂಬುದೂ ಸೇರಿದೆ. ಗಾಡಿಯನ್ನು ರಸ್ತೆಯ ಬದಿಯ ಗಟ್ಟಿ ನೆಲದಲ್ಲಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಯುವುದು ಯಾರಿಗೂ ಕಷ್ಟವಲ್ಲ.

ಆದರೆ ಮಳೆಗಾಲದ ಕೆಸರು ನಮ್ಮ ಇಷ್ಟ ಕೇಳಿ ಬರುವುದಿಲ್ಲ. ಆದ್ದರಿಂದ ಮುಂದಿನ ಮಳೆಗೆ ಮೊದಲು ಒಂದು ಭಾನುವಾರ ಮನೆಯವರೆಲ್ಲ ಅಂಗಳಕ್ಕೆ ಬನ್ನಿ. ಟಯರಿನ ಗಾಳಿ ಅಳೆಯುವುದು ಹೇಗೆ, ಎಳೆಯುವ ಕೊಕ್ಕೆ ಎಲ್ಲಿದೆ, ಹಲಗೆ ಯಾವ ಚಕ್ರಕ್ಕೆ ಎಂದು ಗಂಡುಮಕ್ಕಳಿಗೆ ಮಾತ್ರವಲ್ಲ, ಹೆಣ್ಣುಮಕ್ಕಳ ಕೈಯಲ್ಲೂ ಮಾಡಿಸಿ ನೋಡಿ. ಡಿಕ್ಕಿಯಲ್ಲಿ ಒಂದು ಸಣ್ಣ ಸಲಿಕೆ, ಎರಡು ಗೋಣಿಚೀಲ, ಒಂದು ಟಾರ್ಚು, ಒಂದು ಬಾಟಲಿ ಕುಡಿಯುವ ನೀರು ಇಟ್ಟುಬಿಡಿ. ಕೈಲಾದರೆ ಒಂದು ಜೊತೆ ಹಲಗೆಯನ್ನೂ ಕೊಳ್ಳಿ.